ಹಿಮನದಿಯ ಗೀರು ನೋಡಲು ಬಂದ ಮಾವ

ನಾವಿಬ್ಬರೂ ಬೇರೆಯಾಗುವುದೆಂದು ಫೋನಿನಲ್ಲೇ ತೀರ್ಮಾನ ಮಾಡಿಕೊಂಡು ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಹುಣಸೂರಿನಲ್ಲಿದ್ದ ಮಾವನಿಗೆ ಆಸ್ಟ್ರೇಲಿಯಾದ ವೀಸಾ ಬಂತು.

ಆಗ ನಾನು ಬ್ರಿಸ್ಬೇನ್‌ನಲ್ಲಿದ್ದೆ. ಇಂಡೂರೂಪಿಲ್ಲಿಯಲ್ಲಿ ಒಂದು ಪುಟ್ಟ ಬಾಡಿಗೆ ಫ್ಲ್ಯಾಟ್, ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಗಂಡ ಪರ್ತ್‌ನಲ್ಲಿ, ಕ್ಯಾನಿಂಗ್ ವೇಲ್‌ನ ನಮ್ಮ ಮನೆಯಲ್ಲಿದ್ದ. ಅವನು ಭೂವಿಜ್ಞಾನಿ. ಎರಡು ವಾರ ವಿಮಾನದಲ್ಲಿ ಚಿನ್ನದ ಗಣಿಗೆ ಹೋಗಿ ಅಲ್ಲೇ ಉಳಿಯುವುದು, ಒಂದು ವಾರ ಮನೆಗೆ ಬರುವುದು. ಮದುವೆಯಾಗಿ ಆರು ವರ್ಷ ಹೀಗೇ ನಡೆಯಿತು. ನಮ್ಮಲ್ಲಿ ಜಗಳವಿರಲಿಲ್ಲ. ಅವನು ಇಲ್ಲದ ಮನೆಗೆ ನಾನು ಹೊಂದಿಕೊಂಡೆ, ಬಂದಾಗ ಅವನು ನೆಂಟನಂತೆ ಟವೆಲ್ ಎಲ್ಲಿದೆ ಎಂದು ಕೇಳುತ್ತಿದ್ದ. ಬ್ರಿಸ್ಬೇನ್‌ನ ಕೆಲಸ ಸಿಕ್ಕಾಗ, ಒಂದು ವರ್ಷದ ಮಟ್ಟಿಗೆ ಎಂದು ಇಬ್ಬರೂ ಹೇಳಿಕೊಂಡೆವು. ಹೊರಟ ದಿನ ಇಬ್ಬರಿಗೂ ಅಳು ಬರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ವೀಸಾದ ಸುದ್ದಿ ಹೇಳಲು ಅವನು ಫೋನ್ ಮಾಡಿದ.

“ಅಪ್ಪನಿಗೆ ಈಗ್ಲೇ ಹೇಳೋದು ಬೇಡ,” ಎಂದ. “ಅಮ್ಮ ಹೋದ್ಮೇಲೆ ಮೊದಲನೇ ಸಲ ಮನೆಯಿಂದ ಆಚೆ ಹೊರಟಿದ್ದಾರೆ. ಖುಷಿಯಾಗಿ ಬಂದು ಹೋಗ್ಲಿ. ನಾನು ಗಣಿಗೆ ರಜ ಹಾಕ್ತೀನಿ. ನೀನು ಒಂದು ಎರಡು ವಾರ ಪರ್ತ್‌ಗೆ ಬರಕ್ಕಾಗುತ್ತಾ?”

“ಬರ್ತೀನಿ,” ಎಂದೆ. ಅತ್ತೆ ತೀರಿಕೊಂಡಾಗ ಮಾವ ನನ್ನ ಕೈಯಿಂದಲೇ ಮೊದಲ ತುತ್ತು ತಿಂದಿದ್ದರು. ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಮಾವ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವರು. ಇತಿಹಾಸಕ್ಕಿಂತ ಭೂಗೋಳವೆಂದರೆ ಅವರಿಗೆ ಪ್ರಾಣ. ಹಿಮನದಿಗಳ ಪಾಠವನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮಾಡಿದ್ದರು. ಆದರೆ ಫ್ರಿಜ್ಜಿನ ಒಳಗಿನದು ಬಿಟ್ಟರೆ ಬೇರೆ ಮಂಜುಗಡ್ಡೆಯನ್ನು ಅವರು ಕಂಡವರಲ್ಲ. ನಿವೃತ್ತಿಯಾದ ಮೇಲೆ ಹಿಮಾಲಯಕ್ಕೆ ಹೋಗಬೇಕೆಂದು ಅತ್ತೆಯ ಜೊತೆ ಯೋಜನೆ ಹಾಕಿದ್ದರು. ಅಷ್ಟರಲ್ಲಿ ಹೃದಯದ ತೊಂದರೆ ಕಾಣಿಸಿಕೊಂಡು, ಎತ್ತರದ ಜಾಗಗಳಿಗೆ ಹೋಗಲೇಕೂಡದೆಂದು ಮೈಸೂರಿನ ಡಾಕ್ಟರು ಹೇಳಿಬಿಟ್ಟರು. ಆಗ ಮಗ ಫೋನಿನಲ್ಲಿ ಒಂದು ಮಾತು ಹೇಳಿದ್ದ. ಅಡಿಲೇಡ್‌ನಲ್ಲಿ ಸಮುದ್ರದ ಪಕ್ಕದಲ್ಲೇ ಒಂದು ಗುಡ್ಡವಿದೆ, ಇಪ್ಪತ್ತೆಂಟು ಕೋಟಿ ವರ್ಷದ ಹಿಂದೆ ಅದರ ಮೇಲೆ ಹಿಮ ಹರಿದು ಬಂಡೆಯನ್ನು ಗೀರಿ ಹೋಗಿದೆ, ಗೀರು ಇವತ್ತಿಗೂ ಕಾಣುತ್ತದೆ, ನಿಧಾನವಾಗಿ ನಡೆದರೆ ನೀವೂ ಹತ್ತಬಹುದು ಎಂದು. ಮಾವ ಪಾಸ್‌ಪೋರ್ಟ್ ಮಾಡಿಸಿದ್ದು ಆ ಮಾತಿನ ಮೇಲೆ.

ನಾನು ಅವರಿಗಿಂತ ಒಂದು ದಿನ ಮುಂಚೆ ಪರ್ತ್‌ಗೆ ಬಂದೆ. ಸೂಟ್‌ಕೇಸಿನಲ್ಲಿದ್ದ ಬಟ್ಟೆಯನ್ನೆಲ್ಲ ತೆಗೆದು ಹಳೆಯ ಕಪಾಟಿನಲ್ಲಿ ನೇತುಹಾಕಿದೆ. ಅವನು ಬಾತ್‌ರೂಮಿನಲ್ಲಿ ನನಗೊಂದು ಹೊಸ ಬ್ರಷ್ ಇಟ್ಟಿದ್ದ. ಹಾಲ್‌ನಲ್ಲಿ ಮದುವೆಯ ಫೋಟೋ ಮತ್ತೆ ಗೋಡೆಗೆ ಬಂದಿತ್ತು, ಸ್ವಲ್ಪ ವಾರೆಯಾಗಿ. ಅವನು ಅದನ್ನು ಯಾವಾಗ ತೆಗೆದಿದ್ದ ಎಂದು ನಾನು ಕೇಳಲಿಲ್ಲ. ನೇರ ಮಾಡಿದೆ, ಅಷ್ಟೇ. ಮಲಗುವ ಕೋಣೆಯಲ್ಲಿ ಅವನು ನೆಲದ ಮೇಲೆ ಯೋಗದ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಬೆಳಿಗ್ಗೆ ಮಾವ ಏಳುವ ಮೊದಲೇ ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳುತ್ತಿದ್ದ.

ಮಾವ ಹುರುಪಾಗಿದ್ದರು. ಬೆಳಿಗ್ಗೆ ಎದ್ದು ಮಂಕಿ ಕ್ಯಾಪ್ ಹಾಕಿಕೊಂಡು ಬಡಾವಣೆ ಸುತ್ತಿ ಬರುತ್ತಿದ್ದರು. “ಒಂದು ನರಪಿಳ್ಳೆ ಇಲ್ವಲ್ಲಮ್ಮ ರಸ್ತೇಲಿ. ಎಲ್ಲಾ ಮನೆ ಮುಂದೆ ಕಾರಿದೆ, ಜನ ಎಲ್ಲಿ?” ಎಂದು ಕೇಳುತ್ತಿದ್ದರು. ಒಂದು ಭಾನುವಾರ ಪಕ್ಕದ ಬಡಾವಣೆ ಪಿಯಾರಾ ವಾಟರ್ಸ್‌ನಲ್ಲಿರುವ ಕನ್ನಡದ ಆಂಟಿಯೊಬ್ಬರು ನಮ್ಮನ್ನು ಊಟಕ್ಕೆ ಕರೆದರು. ಅವರ ಮಕ್ಕಳನ್ನು ಮಾವ ಕನ್ನಡದಲ್ಲಿ ಮಾತಾಡಿಸಿದರೆ ಅವು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವು. ಮಾವ ಬೇಸರಪಡದೆ ಆಸ್ಟ್ರೇಲಿಯಾದ ನದಿಗಳ ಹೆಸರು ಕೇಳತೊಡಗಿದರು. ಆಂಟಿ ಬಡಿಸುತ್ತಾ, “ನಿಮ್ಮ ಮಗ ಸೊಸೆ ಜೋಡಿ ನೋಡಿದ್ರೆ ನಮಗೇ ಖುಷಿ ಆಗುತ್ತೆ ಅಂಕಲ್. ಒಬ್ರು ಅಲ್ಲಿ, ಒಬ್ರು ಇಲ್ಲಿ, ಆದ್ರೂ ಎಷ್ಟು ಚೆನ್ನಾಗಿ ಅಡ್ಜಸ್ಟ್ ಮಾಡ್ಕೊಂಡಿದ್ದಾರೆ,” ಎಂದರು. ಗಂಡ ನನ್ನ ತಟ್ಟೆಗೆ ಒಂದು ಹಪ್ಪಳ ಹಾಕಿದ. ನಾನು ನಕ್ಕೆ. ಮಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

ಅಡಿಲೇಡ್‌ಗೆ ಮೂವರೂ ಒಟ್ಟಿಗೆ ಹೋಗುವುದು, ಗುಡ್ಡ ನೋಡುವುದು, ಅಲ್ಲಿಂದ ನಾನು ಬ್ರಿಸ್ಬೇನ್‌ಗೆ, ಅವರಿಬ್ಬರು ಪರ್ತ್‌ಗೆ ವಾಪಸ್ಸು ಎಂದು ನಿಗದಿಯಾಗಿತ್ತು. ಆಗಸ್ಟ್ ಕೊನೆಯ ಚಳಿ. ಆ ಗುಡ್ಡವಿರುವ ಹ್ಯಾಲೆಟ್ ಕೋವ್‌ಗೆ ಹೋದ ದಿನ ಮೋಡ ಮುಚ್ಚಿಕೊಂಡು, ಕಡಲ ಕಡೆಯಿಂದ ಮುಖಕ್ಕೆ ಹೊಡೆಯುವಂಥ ಗಾಳಿ ಬೀಸುತ್ತಿತ್ತು. ಕಾರು ನಿಲ್ಲಿಸಿದ ಕಡೆಯಿಂದ ಗುಡ್ಡದ ಅಂಚಿನವರೆಗೆ ಕಾಲುದಾರಿ, ನಡುನಡುವೆ ಮರದ ಹಲಗೆಯ ಮೆಟ್ಟಿಲು. ಮಾವ ಬಿಳಿ ಕ್ಯಾನ್ವಾಸ್ ಷೂ, ಎರಡು ಸ್ವೆಟರ್, ಮೇಲೆ ಮಗನ ಗಣಿಯ ಜಾಕೆಟ್ ತೊಟ್ಟಿದ್ದರು. ಆ ಕಿತ್ತಳೆ ಬಣ್ಣದ ಜಾಕೆಟ್ ಮೊಣಕಾಲಿನವರೆಗೆ ಬರುತ್ತಿತ್ತು. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿದ್ದರು. ಸುಸ್ತಾಯಿತೇ ಎಂದರೆ, “ಇಲ್ಲಮ್ಮ, ನೋಡ್ತಿದ್ದೀನಿ,” ಎನ್ನುತ್ತಿದ್ದರು.

ನೋಡುವುದಕ್ಕೆ ಇತ್ತು. ಕೆಳಗೆ ಸೀಸದ ಬಣ್ಣದ ಕೊಲ್ಲಿ, ದೂರದಲ್ಲಿ ನಿಂತಲ್ಲೇ ನಿಂತ ಹಡಗೊಂದು, ಒಂದು ಪಕ್ಕದಲ್ಲಿ ಮಳೆಗೆ ಕೊರೆದುಹೋದ ಕೆಂಪು ಬಿಳಿ ಮಣ್ಣಿನ ಕಣಿವೆ. ಬೇರೆ ಜನ ಇದನ್ನೇ ನೋಡಲು ಬರುತ್ತಾರೆ. ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮಾವ ಮಾತ್ರ ಸಮುದ್ರದ ಕಡೆ ಒಮ್ಮೆ ಕಣ್ಣಾಡಿಸಿ, “ಎಲ್ಲಪ್ಪ ಅದು?” ಎಂದು ಮಗನನ್ನು ಕೇಳಿದರು.

ಬಂಡೆ ಕಾಲ ಬುಡದಲ್ಲೇ ಇತ್ತು. ನೇರಳೆ ಮಿಶ್ರಿತ ಕಪ್ಪು, ಒರಳುಕಲ್ಲಿನಂತೆ ನಯವಾದ ಮೈ. ಅದರ ಮೇಲೆ ಒಂದೇ ದಿಕ್ಕಿಗೆ ಸಾಗಿದ ಸಣ್ಣ ಗೀರುಗಳು. ತೋರಿಸದಿದ್ದರೆ ನಾನಂತೂ ದಾಟಿಕೊಂಡು ಹೋಗುತ್ತಿದ್ದೆ.

“ಹಿಮ ಬರೀ ಹಿಮ ಅಲ್ಲ ಅಪ್ಪ,” ಎಂದು ಅವನು ಶುರುಮಾಡಿದ. “ಅದರ ತಳದಲ್ಲಿ ಕಲ್ಲುಗಳು ಸಿಕ್ಕಿಕೊಂಡಿರ್ತವೆ. ಮೇಲೆ ಆ ಪಾಟಿ ವೆಯ್ಟ್. ತಳ್ಕೊಂಡು ಬರುವಾಗ ಆ ಕಲ್ಲುಗಳೇ ಉಜ್ಜಿ ಉಜ್ಜಿ…”

“ಗೊತ್ತು ಗೊತ್ತು, ಉಪ್ಪುಕಾಗದ ಉಜ್ಜಿದ ಹಾಗೆ. ನಾನೂ ಹಾಗೇ ಹೇಳ್ತಿದ್ದೆ ಮಕ್ಕಳಿಗೆ. ಯಾವ ಕಡೆಯಿಂದ ಬಂತು?”

“ದಕ್ಷಿಣದಿಂದ. ಆಗ ಇದೆಲ್ಲಾ ಅಂಟಾರ್ಕ್ಟಿಕಾಗೆ ಅಂಟ್ಕೊಂಡಿತ್ತು. ನಮ್ಮ ಇಂಡಿಯಾನೂ.”

“ಗೊಂಡ್ವಾನ,” ಎಂದರು ಮಾವ, ತರಗತಿಯಲ್ಲಿ ಉತ್ತರ ಹೇಳುವ ಹುಡುಗನ ಹಾಗೆ.

ಅವನು ಆವತ್ತು ಎಷ್ಟು ಚೆನ್ನಾಗಿ ಮಾತಾಡಿದ! ಗಾಳಿಗೆ ಕೂದಲು ಹಾರುತ್ತಿತ್ತು. ಕೈಯನ್ನು ಹಿಮದಂತೆ ಚಾಚಿ ಬಂಡೆಯ ಮೇಲಿಂದ ಸರಿಸಿ ತೋರಿಸುತ್ತಿದ್ದ. ಮದುವೆಗೆ ಮೊದಲು ನನಗೂ ಹೀಗೆ ಕಲ್ಲುಗಳ ಕತೆ ಹೇಳುತ್ತಿದ್ದವನು ಇವನೇ. ಅದನ್ನು ಕಂಡು ನನ್ನ ಮನಸ್ಸು ಬದಲಾಗುತ್ತದೇನೋ ಎಂದು ಕಾದೆ. ಬದಲಾಗಲಿಲ್ಲ. ಒಳ್ಳೆಯವನು ಎನ್ನಿಸಿತು, ಅಷ್ಟೇ. ಪಕ್ಕದ ಮನೆಯ ಮನುಷ್ಯನ ಬಗ್ಗೆ ಅನ್ನಿಸುವ ಹಾಗೆ.

ಮಾವ ಮಂಡಿಯೂರಿ ಕೂತರು. ಕನ್ನಡಕ ತೆಗೆದು ಜೇಬಿಗೆ ಹಾಕಿ, ಗೀರುಗಳ ಮೇಲೆ ಅಂಗೈ ಇಟ್ಟು ತುಂಬ ಹೊತ್ತು ಹಾಗೇ ಇದ್ದರು. ಅತ್ತೆಯ ಹೆಸರು ಹಿಡಿದು ಏನೋ ಹೇಳಿದರು. ಗಾಳಿಯಲ್ಲಿ ಪೂರ್ತಿ ಕೇಳಿಸಲಿಲ್ಲ. ಆಮೇಲೆ ಏಳಲು ಹೋದರೆ ಮಂಡಿ ಹಿಡಿದುಕೊಂಡುಬಿಟ್ಟಿತು. ಒಂದು ರಟ್ಟೆ ಅವನು, ಒಂದು ರಟ್ಟೆ ನಾನು ಹಿಡಿದು ಎಬ್ಬಿಸಿದೆವು. ಅವರ ಮುಖ ಬಿಳಿಚಿಕೊಂಡಿತ್ತು. ಹತ್ತಿರದ ಬೆಂಚಿನ ಮೇಲೆ ಕೂರಿಸಿದೆವು.

“ಮಾತ್ರೆ ಕಾರಲ್ಲೇ ಬಿಟ್ಟು ಬಂದ್ಬಿಟ್ಟೆ,” ಎಂದ ಅವನು. “ಫ್ಲಾಸ್ಕೂ ತರ್ತೀನಿ. ನೀನು ಇಲ್ಲೇ ಇರು,” ಎಂದು ಓಡಿದ.

ಅವನು ತಿರುವಿನಲ್ಲಿ ಮರೆಯಾಗುವವರೆಗೆ ಮಾವ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು.

“ನೀವಿಬ್ಬರೂ ಬಿಟ್ಟುಬಿಟ್ಟಿದ್ದೀರ, ಅಲ್ವೇನಮ್ಮ?”

“ಯಾರು ಹೇಳಿದ್ರು ಮಾವ?”

“ಯಾರು ಹೇಳ್ಬೇಕು? ನಾನು ಬಂದ ಮಾರನೇ ದಿನ ನೀನು ನಂಗೆ ಕಾಫಿ ಮಾಡಕ್ಕೆ ಹೋಗಿ ಸಕ್ಕರೆಗೆ ಅಂತ ಮೂರು ಬೀರು ತೆಗೆದು ಹುಡುಕ್ದೆ. ನಿನ್ನ ಅಡುಗೆಮನೆಯಲ್ಲಿ ನಿಂಗೇ ಸಕ್ಕರೆ ಸಿಗ್ಲಿಲ್ಲ. ಅವನು ಬಂದು ತೆಕ್ಕೊಟ್ಟಾಗ ನೀನು ಅವನಿಗೆ ಥ್ಯಾಂಕ್ಸ್ ಅಂದೆ.” ಸ್ವಲ್ಪ ಉಸಿರು ತೆಗೆದುಕೊಂಡರು. “ನಿಮ್ಮತ್ತೆ ಒಂದು ದಿನಾನಾದ್ರೂ ನಂಗೆ ಥ್ಯಾಂಕ್ಸ್ ಅಂದಿದ್ದಿಲ್ಲ.”

ನನಗೆ ಕಣ್ಣು ತುಂಬಿ ಬಂತು, ಚಳಿಗಾಳಿಯ ನೆಪವಿತ್ತು.

“ಯಾರ ತಪ್ಪು ಅಂತ ಕೇಳಲ್ಲ. ಸರಿಹೋಗೋದಾ, ಇಲ್ವಾ, ಅಷ್ಟು ಹೇಳು.”

“ಇಲ್ಲ ಮಾವ.”

ಅವರು ತಲೆಯಾಡಿಸಿದರು. ಎರಡು ಕೈಗಳನ್ನೂ ಜಾಕೆಟ್ಟಿನ ತೋಳಿನೊಳಗೆ ಎಳೆದುಕೊಂಡರು. “ನಂಗೆ ಗೊತ್ತಾಗಿದೆ ಅಂತ ಅವನಿಗೆ ಹೇಳ್ಬೇಡ,” ಎಂದರು. “ಪಾಪ, ಎಷ್ಟು ಒದ್ದಾಡ್ಕೊಂಡು ಮುಚ್ಚಿಡ್ತಿದ್ದಾನೆ. ದಿನಾ ನೆಲದ ಮೇಲೆ ಮಲಗಿ ಬೆನ್ನು ಹಿಡ್ಕೊಂಡಿದೆ ಅವನಿಗೆ, ನೋಡ್ಲಿಲ್ವಾ? ಅಪ್ಪನಿಗೆ ಗೊತ್ತಿಲ್ಲ ಅಂತ ಒಂದು ಸಮಾಧಾನ ಇರ್ಲಿ.”

“ಆಯ್ತು ಮಾವ.”

“ನಿಂಗೆ ಆಮೇಲೂ ಫೋನ್ ಮಾಡಬಹುದಾ?”

ಎಪ್ಪತ್ತು ದಾಟಿದ ಮನುಷ್ಯ ಅಪ್ಪಣೆ ಕೇಳುವ ಹಾಗೆ ಕೇಳಿದರು. “ಮಾಡಿ ಮಾವ,” ಎಂದೆ. ಅಷ್ಟರಲ್ಲಿ ಅವನು ಏದುಸಿರು ಬಿಡುತ್ತಾ ಫ್ಲಾಸ್ಕ್ ಹಿಡಿದು ಬಂದ. ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದ ಬಿಳಿಯ ಅಜ್ಜಿಯೊಬ್ಬಳ ಕೈಗೆ ಮೊಬೈಲು ಕೊಟ್ಟು, ಮೂವರ ಫೋಟೋ ತೆಗೆಸಿದ. ಮಾವ ನಡುವೆ. ಅಜ್ಜಿ “ಲವ್ಲಿ ಫ್ಯಾಮಿಲಿ” ಎಂದಳು. ಮಾವ ಅವಳಿಗೆ ಕೈಮುಗಿದರು.

ಮರುದಿನ ಅಡಿಲೇಡ್ ಏರ್‌ಪೋರ್ಟಿನಲ್ಲಿ ನನ್ನ ವಿಮಾನವೇ ಮೊದಲು. ಕಾಲಿಗೆ ನಮಸ್ಕಾರ ಮಾಡಿದೆ. ಮಾವ ತಲೆಯ ಮೇಲೆ ಕೈಯಿಟ್ಟು, ಮಗನಿಗೆ ಕೇಳಿಸುವಂತೆ, “ಬೇಗ ಪರ್ತ್‌ಗೆ ಟ್ರಾನ್ಸ್‌ಫರ್ ಮಾಡಿಸ್ಕೊಳಮ್ಮ,” ಎಂದರು. ಗಂಡ ಬೇರೆ ಕಡೆ ನೋಡಿದ. ನಾನು ತಲೆಯಾಡಿಸಿದೆ.

ಮರುವರ್ಷ ವಿಚ್ಛೇದನ ಆಯಿತು. ಇಬ್ಬರೂ ಒಪ್ಪಿದ ಮೇಲೆ ಈ ದೇಶದಲ್ಲಿ ಅದೊಂದು ದೊಡ್ಡ ಕೆಲಸವಲ್ಲ. ಅದು ಮಂಜೂರಾದ ಸಂದೇಶ ಬಂದ ದಿನ ನಾನು ಎಂದಿನಂತೆ ರಕ್ತದ ಸ್ಯಾಂಪಲ್ಲುಗಳನ್ನು ಮಷಿನ್ನಿಗೆ ಜೋಡಿಸುತ್ತಿದ್ದೆ.

ಮಾವನ ಫೋನ್ ಬರುತ್ತಿತ್ತು. ಸಾಮಾನ್ಯವಾಗಿ ಭಾನುವಾರ ಮಧ್ಯಾಹ್ನ, ಅವರದು ಬೆಳಗಿನ ಕಾಫಿಯಾದ ಮೇಲೆ. ದೊಡ್ಡ ಮಾತೇನಿಲ್ಲ. ನಲ್ಲಿಯಲ್ಲಿ ನೀರು ಬರಲಿಲ್ಲ, ಪಕ್ಕದ ಮನೆಯವರು ಮಹಡಿ ಎತ್ತುತ್ತಿದ್ದಾರೆ, ತಾವು ಪಾಠ ಮಾಡುತ್ತಿದ್ದ ಶಾಲೆಗೆ ಹೋಗಿ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹಿಮನದಿಯ ಗೀರನ್ನು ಮೊಬೈಲಿನಲ್ಲಿ ತೋರಿಸಿ ಬಂದೆ, ಇಂಥವು. “ಒಬ್ಬಳು ಹುಡುಗಿ, ಸಾರ್, ಮುಟ್ಟಿದ್ರೆ ತಣ್ಣಗಿತ್ತಾ ಅಂತ ಕೇಳಿದ್ಲು ಕಣಮ್ಮ. ತಣ್ಣಗಿತ್ತು ಅಂದೆ. ಚಳಿಗಾಲ ಅಂತ ಹೇಳ್ಲಿಲ್ಲ,” ಎಂದು ನಕ್ಕರು.

ಮಗ ಇನ್ನೂ ಅವರಿಗೆ ವಿಷಯ ಹೇಳಿರಲಿಲ್ಲ. ತಮಗೆ ಗೊತ್ತೆಂದು ಅವರೂ ಬಿಟ್ಟುಕೊಟ್ಟಿರಲಿಲ್ಲ. “ನಿನ್ನೆ ಅವನ ಹತ್ರ ಮಾತಾಡ್ದೆ. ಅವಳು ಹೇಗಿದ್ದಾಳೆ ಅಂದೆ. ಚೆನ್ನಾಗಿದ್ದಾಳೆ ಅಂದ. ನಿಂಗೆ ಒಂದು ತಿಂಗಳಿಂದ ಕೆಮ್ಮು ಅಂತ ಅವನಿಗೆ ಎಲ್ಲಿ ಗೊತ್ತು! ಬಿಸಿನೀರು ಕುಡೀತಿದ್ದೀಯಾ?” ಎನ್ನುತ್ತಿದ್ದರು. ನನ್ನ ಸ್ವಂತ ಅಪ್ಪ ಅಮ್ಮ ವಿಚ್ಛೇದನದ ಸುದ್ದಿ ಕೇಳಿ ಮಾತು ಕಡಿಮೆ ಮಾಡಿದ್ದ ಕಾಲವದು. ಕೆಮ್ಮು ವಾಸಿಯಾಯಿತೇ ಎಂದು ಕೇಳುತ್ತಿದ್ದವರು ಇವರೊಬ್ಬರೇ. ಅವರನ್ನು ಏನೆಂದು ಕರೆಯಬೇಕೆಂದು ಒಮ್ಮೆ ಯೋಚಿಸಿದ್ದೆ. ಬೇರೆ ಹೆಸರು ಬಾಯಿಗೆ ಬರಲಿಲ್ಲ. ಮಾವ ಎಂದೇ ಕರೆದೆ.

ಆಮೇಲೆ ಒಂದು ಭಾನುವಾರ ಫೋನ್ ಬರಲಿಲ್ಲ. ಮುಂದಿನ ವಾರವೂ ಇಲ್ಲ. ನಾನೇ ಮಾಡಿದರೆ ರಿಂಗಾಗಿ ನಿಂತಿತು. ಯಾರನ್ನು ಕೇಳುವುದು? ಅವನಿಗೆ ಫೋನ್ ಮಾಡಿದರೆ, ಅಪ್ಪನ ಜೊತೆ ನಿನಗೇನು ಮಾತು ಎಂಬಲ್ಲಿಂದ ಶುರುವಾಗಬೇಕು. ಹುಣಸೂರಿನಲ್ಲಿ ನೆಟ್‌ವರ್ಕ್ ಸರಿಯಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಕೊನೆಗೆ ಹೇಳಿದವರು ಪಿಯಾರಾ ವಾಟರ್ಸ್‌ನ ಆಂಟಿ. ಬೇರೆ ಏನನ್ನೋ ಕೇಳಲು ಫೋನ್ ಮಾಡಿದ್ದರು. ಮಾತಿನ ನಡುವೆ, “ಅಂಕಲ್ ವಿಷಯ ಕೇಳಿ ಬೇಜಾರಾಯ್ತು ಕಣಮ್ಮ. ಮೊನ್ನೆ ತಿಥಿ ಮುಗಿಸ್ಕೊಂಡು ಅವನು ವಾಪಸ್ ಬಂದನಂತೆ,” ಎಂದರು. “ಯಾರ ತಿಥಿ?” ಎಂದೆ. “ಅಯ್ಯೋ, ನಿಂಗೆ ಗೊತ್ತಿರ್ಲಿಲ್ವಾ?” ಎಂದು ಅವರ ದನಿ ಕುಗ್ಗಿತು.

ನಾನು ಅಡುಗೆಮನೆಯ ನೆಲದ ಮೇಲೆ ಕೂತೆ. ಒಲೆಯ ಮೇಲೆ ಅನ್ನಕ್ಕಿಟ್ಟಿದ್ದೆ. ಅದು ಉಕ್ಕಿ, ನೀರು ಸುರಿದು, ಉರಿ ಆರುವವರೆಗೆ ಏಳಲಿಲ್ಲ.

ಮರುದಿನ ಅವನಿಗೆ ಫೋನ್ ಮಾಡಿದೆ. ಎರಡು ವರ್ಷದಿಂದ ನಾವು ಮಾತಾಡಿರಲಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲ?” ಎಂದೆ.

“ಏನಂತ ಹೇಳಿ ಕರೀಲಿ ನಿನ್ನ?” ಎಂದ. “ಮಲಗಿದವರು ಮಲಗಿದ ಹಾಗೇ ಹೋಗ್ಬಿಟ್ಟಿದ್ದಾರೆ. ಹಾಲಿನವನು ಬಾಗಿಲು ತಟ್ಟಿ ತಟ್ಟಿ ಪಕ್ಕದ ಮನೆಯವರನ್ನ ಕರೆದಿದ್ದಾನೆ. ನಾನು ಹೋಗಿ ಸೇರೋ ಹೊತ್ಗೆ ಎಲ್ರೂ ನಂಗೋಸ್ಕರ ಕಾಯ್ತಿದ್ರು. ನಂಗೆ ಏನೂ ತೋಚಲಿಲ್ಲ.”

“ಊರಲ್ಲಿ ನನ್ನ ಕೇಳಿದ್ರಾ?”

“ಎಲ್ಲಾರೂ ಕೇಳಿದ್ರು. ಸೊಸೆ ಎಲ್ಲಿ, ಸೊಸೆ ಯಾಕೆ ಬರ್ಲಿಲ್ಲ ಅಂತ. ರಜ ಸಿಗ್ಲಿಲ್ಲ ಅಂದೆ. ಸಾರಿ. ನಿನ್ನ ಮೇಲೆ ಏನೇನೋ ಅಂದ್ಕೊಂಡಿರ್ತಾರೆ. ಆದ್ರೆ ಅವತ್ತು ಹೆಣದ ಮುಂದೆ ನಿಂತ್ಕೊಂಡು ಡಿವೋರ್ಸ್ ಅಂತ ಹೆಂಗೆ ಹೇಳ್ಲಿ?”

“ಪರವಾಗಿಲ್ಲ,” ಎಂದೆ.

“ಒಂದೇ ಸಮಾಧಾನ ನಂಗೆ,” ಎಂದ ಅವನು. ಅಳುತ್ತಿದ್ದ. “ಅಪ್ಪನಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಹೋಗೋ ಹಿಂದಿನ ವಾರಾನೂ ನಿನ್ನ ಕೇಳಿದ್ರು. ಚೆನ್ನಾಗಿದ್ದಾಳೆ ಅಂದೆ. ಅಷ್ಟು ಮಟ್ಟಿಗೆ ನೆಮ್ಮದಿಯಾಗಿ ಹೋದ್ರು.”

ಫೋನ್ ಕಿವಿಗೆ ಒತ್ತಿಕೊಂಡು ನಿಂತೆ. ಹೇಳಿಬಿಡಬೇಕೆಂದು ಬಾಯಿಯ ತುದಿಯವರೆಗೆ ಬಂತು. ಅವರಿಗೆ ಬಂದ ಮಾರನೇ ದಿನದಿಂದಲೇ ಗೊತ್ತಿತ್ತು, ನಿನ್ನ ಬೆನ್ನುನೋವೂ ಗೊತ್ತಿತ್ತು, ಪ್ರತಿ ವಾರ ನನ್ನೊಡನೆ ಮಾತಾಡುತ್ತಿದ್ದರು ಎಂದು. ಹೇಳಿದರೆ ನನ್ನ ಎದೆ ಹಗುರವಾಗುತ್ತಿತ್ತು. ಅವನ ಕೈಯಲ್ಲಿ ಉಳಿದಿದ್ದ ಒಂದೇ ಒಂದು ಸಮಾಧಾನವೂ ಹೋಗುತ್ತಿತ್ತು.

“ಹೌದು,” ಎಂದೆ. “ನೆಮ್ಮದಿಯಾಗಿ ಹೋದ್ರು.”

ಆಮೇಲೆ ನಾವು ಮಾತಾಡಿಲ್ಲ. ಅವನು ಮತ್ತೆ ಮದುವೆಯಾಗಿದ್ದಾನೆಂದು ಕೇಳಿದ್ದೇನೆ.

ಅವನ ಜೊತೆ ಆ ಕೊನೆಯ ಮಾತಾದ ಮೇಲಿನ ಸೋಮವಾರ ಲ್ಯಾಬಿಗೆ ಹೋಗಿ ನನ್ನ ಮೇಲ್ವಿಚಾರಕಿಯ ಹತ್ತಿರ ರಜೆ ಕೇಳಿದೆ. ಅವಳು ನನಗಿಂತ ಹಿರಿಯಳು, ಬ್ರಿಸ್ಬೇನ್‌ನಲ್ಲೇ ಹುಟ್ಟಿ ಬೆಳೆದವಳು. ಯಾರು ತೀರಿಕೊಂಡರು ಎಂದು ಮೆಲ್ಲಗೆ ಕೇಳಿದಳು. ಹಳೆಯ ಗಂಡನ ತಂದೆ ಎಂದು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಇದಕ್ಕೆಲ್ಲ ರಜೆ ಇರುವುದಿಲ್ಲ ಎಂದು ಗೊತ್ತಿದ್ದರೂ ಕೇಳಿದೆ ಎಂದೆ. ಅವಳು ಕಂಪ್ಯೂಟರಿನಲ್ಲಿ ನಿಯಮ ಹುಡುಕಿ ಓದಿದಳು. ಹಳೆಯ ಗಂಡನ ಅಪ್ಪ ಅಮ್ಮನೂ ಲೆಕ್ಕಕ್ಕೆ ಬರುತ್ತಾರೆ, ನಿನಗೆ ರಜೆ ಇದೆ, ಮನೆಗೆ ಹೋಗು ಎಂದಳು. ಹುಣಸೂರಿನ ಅಂಗಳದಲ್ಲಿ ನನಗೆ ಜಾಗವಿರಲಿಲ್ಲ. ಇಲ್ಲಿನ ಕಾನೂನು ಎರಡು ದಿನ ಕೊಟ್ಟಿತು.

ಆ ಎರಡು ದಿನದಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಸೂತಕದ ಸ್ನಾನ ಮಾಡಬೇಕೋ ಬೇಡವೋ ಎಂದು ಕೇಳಲು ಯಾರೂ ಇರಲಿಲ್ಲ. ತಲೆಗೆ ನೀರು ಹಾಕಿಕೊಂಡೆ. ದೀಪ ಹಚ್ಚಿದೆ, ಫೋಟೋ ಇಡಲಿಲ್ಲ. ನನ್ನ ಹತ್ತಿರ ಇದ್ದದ್ದು ಆ ಗುಡ್ಡದ ಮೇಲಿನ ಒಂದೇ ಫೋಟೋ, ಅದರಲ್ಲಿ ನಾವು ಮೂವರೂ ಇದ್ದೆವು. ಮಧ್ಯಾಹ್ನ ನದಿಯ ಕಡೆಗೆ ನಡೆದೆ. ಬಿಸಿಲು ಜೋರಾಗಿತ್ತು. ಅರ್ಧ ದಾರಿಗೇ ತಿರುಗಿ ಬಂದು, ಪರದೆ ಎಳೆದು ಮಲಗಿದೆ.

ಮತ್ತೆ ಕೆಲಸಕ್ಕೆ ಹೋದ ದಿನ ನನ್ನ ಬೆಂಚಿನ ಪಕ್ಕದ ಹುಡುಗಿ ಕೈಗವಸು ಹಾಕಿಕೊಳ್ಳುತ್ತಾ, “ವರ್ ಯು ಕ್ಲೋಸ್?” ಎಂದು ಕೇಳಿದಳು. ಯೆಸ್ ಎಂದೆ. ನಾನು ಇನ್ನೇನಾದರೂ ಹೇಳಬಹುದೆಂದು ಅವಳು ಸ್ವಲ್ಪ ಕಾದಳು. ಸಕ್ಕರೆ ಹುಡುಕಿದ್ದನ್ನು ಹೇಗೆ ಹೇಳುವುದು, ಎಲ್ಲಿಂದ ಶುರುಮಾಡುವುದು ಗೊತ್ತಾಗಲಿಲ್ಲ. ವಾರ್ಡುಗಳಿಂದ ಬಂದ ಸ್ಯಾಂಪಲ್ಲುಗಳು ಟ್ರೇಯಲ್ಲಿ ತುಂಬಿಕೊಂಡಿದ್ದವು. ಇಬ್ಬರೂ ಕೆಲಸಕ್ಕೆ ಕೂತೆವು.